ನಮ್ಮ ಮನೆಯ ಕ್ಯಾಸೆಟ್ ದೆವ್ವ

ಯಾರಾದರೂ ಮೊಬೈಲ್ ಎತ್ತಿ ನನ್ನ ಕಡೆ ಹಿಡಿದರೆ ಸಾಕು, ನಾನು ಇವತ್ತಿಗೂ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತುಬಿಡುತ್ತೇನೆ. ಕಣ್ಣು ಮಿಟುಕಿಸುವುದಿಲ್ಲ, ತುಟಿ ಬಿಚ್ಚುವುದಿಲ್ಲ. ಮೊಮ್ಮಗಳು ಸ್ಫೂರ್ತಿ, "ಅಜ್ಜಿ, ಇದು ಫೋಟೋ ಅಲ್ಲ, ವಿಡಿಯೋ. ಮಾತಾಡು, ನಗು, ಏನಾದ್ರೂ ಮಾಡು" ಎನ್ನುತ್ತಾಳೆ. ನಾನು ಹಲ್ಲು ಕಚ್ಚಿಕೊಂಡೇ "ಮುಗೀತಾ?" ಎಂದು ಕೇಳುತ್ತೇನೆ. ನೀವು ನಗಬೇಡಿ. ನಿಮ್ಮ ಮಾವನಿಗೆ ಎರಡು ಮೂಗು ಬಂದಿದ್ದರೆ ನೀವೂ ಹೀಗೇ ನಿಲ್ಲುತ್ತಿದ್ದಿರಿ.

ಅದು ನನ್ನ ಮದುವೆಯ ಫೋಟೋದ ಕಥೆ. ಫೋಟೋದವನು "ಅಲ್ಲಾಡಬೇಡಿ" ಎಂದು ಕೂಗಿದ ಹೊತ್ತಿಗೆ ಸರಿಯಾಗಿ ನಮ್ಮ ಮಾವ, ಊಟದ ಎಲೆಗೆ ಬಾಯಿ ಹಾಕಲು ಬಂದ ಹಸುವನ್ನು ನೋಡಿ "ಹೋಯ್" ಎಂದು ಕತ್ತು ತಿರುಗಿಸಿದರು. ಫೋಟೋ ತೊಳೆದು ಬಂದಾಗ ಅವರಿಗೆ ಎರಡು ಮೂಗು, ಒಂದೂವರೆ ಮೀಸೆ. ಅದನ್ನೇ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು. ಬಂದವರೆಲ್ಲ ಮೊದಲು ಆ ಮೂಗನ್ನು ವಿಚಾರಿಸಿ ಆಮೇಲೆ ನಮ್ಮ ಕ್ಷೇಮ ಕೇಳುತ್ತಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು: ಕ್ಯಾಮೆರಾ ಕಂಡರೆ ಅಲ್ಲಾಡಬಾರದು. ಮನೆ ಬಿದ್ದರೂ ಅಲ್ಲಾಡಬಾರದು.

ನಾನು ಓದಿದ್ದು ಎರಡನೇ ಕ್ಲಾಸು. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೆ ಈ ಕಥೆಯನ್ನು ನಾನಲ್ಲದೆ ಇನ್ನೊಬ್ಬರು ಬರೆಯುವಂತಿಲ್ಲ. ಯಾಕೆಂದರೆ ನಿಜ ಏನೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ದೆವ್ವ.

ಸ್ಫೂರ್ತಿ ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಓದುತ್ತಿದ್ದಾಳೆ. ಅದಕ್ಕೂ ಒಂದು ಓದು ಬೇಕಂತೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳೂ ಅವಳ ಗೆಳೆಯರೂ ಸೇರಿ ಮೊಬೈಲಿನಲ್ಲಿ ನೋಡುವಂಥ ಒಂದು ದೆವ್ವದ ಧಾರಾವಾಹಿ ಶುರು ಮಾಡಿದರು. ಕಥೆ ಇಷ್ಟೇ. ಮುಚ್ಚಿಹೋದ ಒಂದು ಕ್ಯಾಸೆಟ್ ಅಂಗಡಿ. ಅದರ ಅಟ್ಟದ ಮೇಲೆ ಯಾರದೆಂದು ಗೊತ್ತಿಲ್ಲದ ಹಳೆಯ ವಿಡಿಯೋ ಟೇಪುಗಳು ಸಿಗುತ್ತವೆ. ಒಂದೊಂದು ಕಂತಿಗೆ ಒಂದೊಂದು ಟೇಪು. "ದೆವ್ವ ಯಾವಾಗ ಬರ್ತದೆ?" ಎಂದು ಕೇಳಿದೆ. "ಬರಲ್ಲ ಅಜ್ಜಿ. ಚಿತ್ರ ಕೆಡುತ್ತಲ್ಲ, ಗೆರೆ ಬರುತ್ತಲ್ಲ, ಅದೇ ಭಯ" ಎಂದಳು. ಅಯ್ಯೋ, ಹಾಗಾದರೆ ನಮ್ಮ ಮೊದಲಿನ ಟಿವಿ ದಿನವೂ ದೆವ್ವದ ಧಾರಾವಾಹಿಯನ್ನೇ ತೋರಿಸುತ್ತಿತ್ತು! ನನ್ನ ಮಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕಿರುಚುವುದು, ನಾವು ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕಿರುಚುವುದು. ಬೀದಿಯವರು ನಮ್ಮ ಮನೆಯಲ್ಲಿ ಹೆರಿಗೆ ಆಗುತ್ತಿದೆ ಎಂದುಕೊಳ್ಳುತ್ತಿದ್ದರು.

ಮೊದಲ ಕಂತುಗಳ ಟೇಪುಗಳನ್ನು ಅವರೇ ಹುಟ್ಟಿಸಿದರು. ಇವತ್ತು ತೆಗೆದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಗೆರೆ ಎಳೆದು, ಬಣ್ಣ ಕದಡಿ, ಹಳೆಯದು ಮಾಡುವುದು. ಯಾರೂ ಹೆದರಲಿಲ್ಲ. ಚೇತನ್ ಎಂಬ ಹುಡುಗ ನಮ್ಮ ಹಜಾರದಲ್ಲಿ ತಲೆಯ ಮೇಲೆ ಕೈಹೊತ್ತು, "ಮಗಾ, ಒರಿಜಿನಲ್ ಟೇಪ್ ಒಂದು ಸಿಕ್ರೆ ಸಾಕಿತ್ತು ಮಗಾ" ಎಂದ. ಅವನು ಮಗಾ ಎಂದದ್ದು ಸ್ಫೂರ್ತಿಗೆ. ಈಗ ಹೆಣ್ಣುಮಕ್ಕಳೂ ಮಗಾ.

"ಕ್ಯಾಸೆಟ್ಟಾ? ಬೀರು ಕಾಲಡಿ ಒಂದೈತೆ ನೋಡ್ರೋ" ಎಂದೆ.

ನಮ್ಮ ಕಬ್ಬಿಣದ ಬೀರುವಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ. ಅದರ ಕೆಳಗೆ ನಮ್ಮ ಗೃಹಪ್ರವೇಶದ ವಿಡಿಯೋ ಕ್ಯಾಸೆಟ್ಟನ್ನು ಇಟ್ಟಿದ್ದೆವು. ಅದನ್ನು ಎಳೆದದ್ದೇ ತಡ, ಬೀರು ಓರೆಯಾಗಿ ಅದರ ಬಾಗಿಲು ಕಿರ್ ಎಂದು ತನ್ನಷ್ಟಕ್ಕೆ ತೆರೆದುಕೊಂಡಿತು. ಮಕ್ಕಳು ಕುಣಿದಾಡಿ ಅದನ್ನೂ ಚಿತ್ರ ತೆಗೆದುಕೊಂಡರು. ನನ್ನ ಒಳಲಂಗಗಳು ಕಾಣುತ್ತಿದ್ದವು, ಬಯ್ದು ಅಳಿಸಿಸಿದೆ.

ರಾಜಾಜಿನಗರದಲ್ಲಿ ಯಾರೋ ಒಬ್ಬರು ಹಳೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರಂತೆ. ಅಲ್ಲಿಂದ ಸ್ಫೂರ್ತಿ ಫೋನು ಮಾಡಿದಳು. "ಅಜ್ಜಿ, ಟೇಪಿಗೆ ಫುಲ್ ಫಂಗಸ್ ಹಿಡಿದಿದೆ. ಸೂಪರ್!" ಉಪ್ಪಿನಕಾಯಿಗೆ ಬೂಷ್ಟು ಹಿಡಿದರೆ ನಾನು ವಾರವೆಲ್ಲ ಮುಖ ಗಂಟಿಕ್ಕಿಕೊಂಡಿರುತ್ತಿದ್ದೆ. ಇವಳು ಬೂಷ್ಟಿಗೆ ಕುಣಿಯುತ್ತಿದ್ದಾಳೆ.

ರಾತ್ರಿ ನೋಡೋಣ ಎಂದರು. ರಾತ್ರಿ ನಾನು ಮಲಗುತ್ತೇನೆ, ನಿಮ್ಮ ದೆವ್ವ ಬೇಕಾದರೆ ಮಧ್ಯಾಹ್ನ ಬರಲಿ ಎಂದೆ. ಕಿಟಕಿಗಳಿಗೆ ಹೊದಿಕೆ ಕಟ್ಟಿ, ಮಧ್ಯಾಹ್ನವನ್ನೇ ಕತ್ತಲೆ ಮಾಡಿಕೊಂಡು, ಗೋಡೆಯ ಟಿವಿಗೆ ಹಾಕಿದರು.

ಮೊದಲು ನೀಲಿ. ಆಮೇಲೆ ಗೆರೆ. ಆಮೇಲೆ ನಾವು. ಹೊಸ ಮನೆಯ ಹಜಾರದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸಾಲಾಗಿ ನಿಂತಿದ್ದೇವೆ. ಮಾವ, ಅತ್ತೆ, ನಮ್ಮ ಯಜಮಾನರು, ಮೈದುನ, ನಾನು, ನನ್ನ ಪಕ್ಕದಲ್ಲಿ ಸಾಲಿನ ಕೊನೆಗೆ ನನ್ನ ವಾರಗಿತ್ತಿ ಗೌರಮ್ಮ. ಯಾರೂ ಅಲ್ಲಾಡುತ್ತಿಲ್ಲ. ಯಾರೂ ರೆಪ್ಪೆ ಹೊಡೆಯುತ್ತಿಲ್ಲ. ನಮ್ಮ ಮಾತಿನ ಬದಲು ಆಮೇಲೆ ಕೂಡಿಸಿದ ನಾದಸ್ವರ ಮಾತ್ರ, ಅದೂ ಬೂಷ್ಟು ಹಿಡಿದು ನರಳುತ್ತಿದೆ. ನಿಂತೇ ಇದ್ದೇವೆ. ಹಿಂದಿನ ಬಾಗಿಲಿನಿಂದ ಬೆಳ್ಳನೆಯ ಹೊಗೆ ಮೆಲ್ಲಗೆ ಬರುತ್ತದೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಆಗ ಗೌರಮ್ಮನ ಕಣ್ಣು ಅಗಲವಾಗುತ್ತದೆ. ಅವಳ ಎಡಗೈ ಮೊಣಕೈಯಲ್ಲಿ ಮುರಿದ ಹಾಗೆ ಸೊಟ್ಟಗಾಗಿ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ಮುಖ ತಿರುಗಿಸದೆ, ತುಟಿಯ ಒಂದು ಕೊನೆಯಿಂದ ಏನೋ ಹೇಳುತ್ತಾಳೆ. ಅಷ್ಟರಲ್ಲಿ ಚಿತ್ರ ಒಂದು ಸಲ ಕದಡುತ್ತದೆ. ಮತ್ತೆ ಸರಿಹೋದಾಗ ಎಲ್ಲರೂ ಒಟ್ಟಿಗೆ, ಒಂದು ಮಾತಿಲ್ಲದೆ, ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಬಿರಬಿರನೆ ನಡೆದಾಡುತ್ತಿದ್ದಾರೆ. ಗೌರಮ್ಮ ಮಾತ್ರ ಇಲ್ಲ.

ಚೇತನ್ ಸೋಫಾದ ಮೇಲೆ ಕಾಲೆತ್ತಿಕೊಂಡು ಕೂತ. ಸ್ಫೂರ್ತಿ ನನ್ನ ಕೈ ಹಿಡಿದಳು. ನನಗೆ ನಗು ಬಂತು. ಎಂಥ ನಗು ಅಂತೀರಿ! ಹೊಟ್ಟೆ ಹಿಡಿದುಕೊಂಡು, ಕೆಮ್ಮಿ, ಕಣ್ಣಲ್ಲಿ ನೀರು ಸುರಿಸಿ ನಕ್ಕೆ. ಕತ್ತಲೆಯಲ್ಲಿ ಅಜ್ಜಿ ಹೀಗೆ ನಕ್ಕರೆ ಮಕ್ಕಳು ಏನು ತಿಳಿದಾರು? ಚೇತನ್ ಎದ್ದು ಹೋಗಿ ಚಪ್ಪಲಿ ಹಾಕಿಕೊಂಡ.

ನಿಜವಾಗಿ ನಡೆದದ್ದನ್ನು ನಿಮಗೆ ಹೇಳುತ್ತೇನೆ. ಹೆಗ್ಗನಹಳ್ಳಿಯಲ್ಲಿ ನಮ್ಮ ರಾಗಿ ಕಣ ಇದ್ದ ಜಾಗದಲ್ಲೇ ಈ ಮನೆ ಕಟ್ಟಿಸಿದ್ದು. ನಮ್ಮ ಬೀದಿಗೆ ಮೊದಲ ವಿಡಿಯೋ ನಮ್ಮ ಗೃಹಪ್ರವೇಶದ್ದೇ. ವಿಡಿಯೋದವನು ಸ್ಕೂಟರಿನಲ್ಲಿ ದೊಡ್ಡ ದೀಪ ಹೊತ್ತು ತಂದ. ನಮ್ಮನ್ನು ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಚ್ಚಿ, ಅದರ ಗುಂಡಿ ಒತ್ತಿ, "ಹಂಗೇ ಇರಿ, ವೈರ್ ನೋಡ್ಕೊಂಡ್ ಬಂದೆ" ಎಂದು ಹೊರಗೆ ಹೋದ. ಹೊರಗೆ ಕೇಸರಿಬಾತು ಬಡಿಸುತ್ತಿದ್ದರು. ಮಾವ "ಯಾರೂ ಅಲ್ಲಾಡ್ಬ್ಯಾಡಿ" ಎಂದು ಅಪ್ಪಣೆ ಕೊಟ್ಟರು. ಎರಡು ಮೂಗಿನ ಸಂಕಟ ಅವರಿಗೇ ಗೊತ್ತು. ನಾವು ನಿಂತೆವು. ಅಡಿಗೆಮನೆಯಲ್ಲಿ ಶಾಸ್ತ್ರಕ್ಕೆಂದು ಇಟ್ಟ ಹಾಲು ಉಕ್ಕಿತು. ಉಕ್ಕಬೇಕು, ಶುಭ. ಉಕ್ಕಿದ ಮೇಲೆ ಇಳಿಸಬೇಕಲ್ಲ? ಇಳಿಸುವ ಅತ್ತೆ ಸಾಲಿನಲ್ಲಿ ನಿಂತಿದ್ದಾರೆ. ಹಾಲು ಸೀದು, ತಳ ಹಿಡಿದು, ಹೊಗೆ ಎದ್ದಿತು. ನಾವು ನಿಂತೇ ಇದ್ದೆವು.

ಗೌರಮ್ಮ ಅವತ್ತು ಮೊದಲ ಸಲ ಜಾರುವ ಸೀರೆ ಉಟ್ಟಿದ್ದಳು. ನಾವೆಲ್ಲ ನೂಲಿನ ಸೀರೆಯವರು, ಅದು ಹಿಡಿದರೆ ಬಿಡುವುದಿಲ್ಲ. ಅವಳ ಗಂಡ ಪ್ರೀತಿಯಿಂದ ತಂದ ಹೊಸ ಸೀರೆ ಬಾಳೆಲೆಯ ಹಾಗೆ ನುಣುಪು. ಪಿನ್ನು ಹಾಕುವ ರೂಢಿ ಆಗ ನಮ್ಮಲ್ಲಿಲ್ಲ. ದೀಪದ ಸೆಕೆಗೆ ಬೆವರಿ ಬೆವರಿ, ಅವಳ ಸೀರೆಯ ನೆರಿಗೆ ಸೊಂಟದಿಂದ ಕಳಚಿಕೊಂಡಿತು. ಸಾಲಿನಲ್ಲಿ ಮಾವ, ನಮ್ಮ ಯಜಮಾನರು; ಎದುರಿಗೆ ಊರಿನವರು, ವಿಡಿಯೋ. ಅವಳು ಮೊಣಕೈಯಿಂದ ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣರಳಿಸಿ, ತುಟಿಯ ಕೊನೆಯಿಂದ ನನಗೆ ಹೇಳಿದ್ದು: "ನೆರಿಗೆ ಬಿಚ್ಚೋಯ್ತು ಕಣಕ್ಕಾ."

ನಾನು ನನ್ನ ತುಟಿಯ ಕೊನೆಯಿಂದ ಹೇಳಿದ್ದು: "ಅಲ್ಲಾಡ್ಬ್ಯಾಡ."

ಅಷ್ಟರಲ್ಲಿ ವಿಡಿಯೋದವನು ಬಾಯಿ ಒರೆಸಿಕೊಂಡು ಬಂದ. "ಅಯ್ಯೋ, ಯಾಕ್ ಹಿಂಗ್ ನಿಂತಿದೀರಾ? ಇದು ಫೋಟೋ ಅಲ್ಲ, ವಿಡಿಯೋ. ಓಡಾಡಿ, ಓಡಾಡಿ!" ಎಂದ. ನಾವು ಹೇಳಿದ ಮಾತು ಕೇಳುವ ಜನ. ಎಲ್ಲರೂ ಓಡಾಡಿದೆವು. ಆ ಗಲಾಟೆಯಲ್ಲಿ ಗೌರಮ್ಮ ಕೋಣೆಗೆ ಓಡಿದಳು. ನಾನು ಎರಡು ಸುತ್ತು ನಡೆದು ಅವಳ ಹಿಂದೆ ಹೋದೆ. ಅವಳು ಅಳುತ್ತ, "ಯಾರಿಗೂ ಹೇಳ್ಬ್ಯಾಡ ಕಣಕ್ಕಾ. ಹೇಳಿದ್ರೆ ನಿನ್ ಮನೆ ಮೆಟ್ಲು ತುಳಿಯಾಕಿಲ್ಲ" ಎಂದಳು. ನನ್ನ ಬಾಯಿ ಎಂಥದ್ದೆಂದು ಬೀದಿಗೆಲ್ಲ ಗೊತ್ತು. ಆದರೂ ಇದೊಂದನ್ನು ನಾನು ಯಾರಿಗೂ ಹೇಳಲಿಲ್ಲ. ನಮ್ಮ ಯಜಮಾನರಿಗೂ ಹೇಳಲಿಲ್ಲ. ಅವರು ತಿಳಿಯದೆಯೇ ಸತ್ತರು, ಏನೂ ನಷ್ಟವಾಗಲಿಲ್ಲ.

ಆದ್ದರಿಂದ ಅವತ್ತು ಸ್ಫೂರ್ತಿ "ಯಾಕಜ್ಜಿ ನಗ್ತಿದೀಯ?" ಎಂದಾಗ, "ನಿಮ್ಮ ತಾತನ ಮೀಸೆ ನೋಡಿ" ಎಂದುಬಿಟ್ಟೆ.

ಟೇಪು ಮೊಬೈಲಿಗೆ ಹೋಯಿತು. ಈ ಸಲ ಜನ ಹೆದರಿದರು. ಎಲ್ಲೆಲ್ಲಿಯವರೋ ಹೆದರಿದರು. ನೋಡಿದವರು ಕೆಳಗೆ ಬರೆಯುತ್ತಾರಲ್ಲ, ಅದನ್ನೆಲ್ಲ ಸ್ಫೂರ್ತಿ ನನಗೆ ಓದಿ ಹೇಳುತ್ತಿದ್ದಳು. ಸಾಲಿನ ಕೊನೆಗೆ ನಿಂತ ಹೆಂಗಸಿಗೆ ಅವರೇ ಹೆಸರಿಟ್ಟರು, 'ಕೊನೆಯವಳು'. ತಪ್ಪೇನಿಲ್ಲ, ಅವಳು ನಮ್ಮ ಮನೆಯ ಕೊನೆಯ ಸೊಸೆಯೇ. ಆ ಕೈ ಬದುಕಿರುವವರ ಕೈಯಲ್ಲ ಎಂದು ಒಬ್ಬ. ಆ ಹೊಗೆ ಅವಳ ಒಳಗಿನಿಂದ ಬಂತು ಎಂದು ಇನ್ನೊಬ್ಬ. ಕೊನೆಗೆ ಯಾರೋ ಒಬ್ಬ ಅವಳ ತುಟಿಯನ್ನು ನಿಧಾನ ಮಾಡಿ ಮಾಡಿ ನೋಡಿ, ಅವಳು ಹೇಳಿದ್ದು 'ನೆರಳು ಬಿಟ್ಟೋಯ್ತು' ಎಂದು ಕಂಡುಹಿಡಿದ. ನೆರಿಗೆ ಬಿಚ್ಚಿದ್ದು ಹೋಗಿ ನೆರಳು ಬಿಟ್ಟದ್ದಾಯಿತು! ಎಲ್ಲರೂ ಅವಳ ನೆರಳನ್ನು ಹುಡುಕಿದರು. ಮುಖಕ್ಕೇ ಅಷ್ಟು ದೊಡ್ಡ ದೀಪ ಬಿಟ್ಟಿದ್ದರೆ ಪಕ್ಕದಲ್ಲಿ ನೆರಳು ಎಲ್ಲಿಂದ ಬರಬೇಕು? ಸಿಗಲಿಲ್ಲ. ಮುಗಿಯಿತು, ಧಾರಾವಾಹಿಯ ಕಥೆಯೇ ಅದಾಯಿತು. ತನ್ನನ್ನು ಬಿಟ್ಟುಹೋದ ನೆರಳನ್ನು ಟೇಪಿನಿಂದ ಟೇಪಿಗೆ ಹುಡುಕುವ ಹೆಂಗಸು. ಮಕ್ಕಳು ಅದರ ಮೇಲೆ ಕಂತಿನ ಮೇಲೆ ಕಂತು ಕಟ್ಟಿದರು.

ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಒಬ್ಬ ಮಾತ್ರ, 'ಅವಳ ಪಕ್ಕದಲ್ಲಿರುವುದು ಹೆಂಗಸೋ ಕಂಬವೋ?' ಎಂದು ಬರೆದಿದ್ದನಂತೆ. ಮಾವ ಇದ್ದಿದ್ದರೆ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದರು.

ಕೊನೆಯ ಕಂತನ್ನು ಶುಕ್ರವಾರ ಮೇಷ್ಟರ ಮುಂದೆ ತೋರಿಸಬೇಕು. ಸೋಮವಾರ ಬೆಳಿಗ್ಗೆ ಗೌರಮ್ಮನ ಫೋನು ಬಂತು.

"ಅಕ್ಕಾ, ಪಾರ್ಕ್‌ನಲ್ಲಿ ಮಕ್ಳು ನನ್ನ ನೋಡಿ ಕಿರುಚ್ಕೊಂಡು ಓಡೋದ್ವು."

"ನೀನೇನ್ ಮಾಡಿದೆ?"

"ನಾನೇನ್ ಮಾಡ್ಲಿ? ವಾಕಿಂಗ್ ಮಾಡ್ತಿದ್ದೆ! ಪಕ್ಕದ್ ಮನೆಯವ್ಳು ಮೊಬೈಲ್ ತೋರ್ಸುದ್ಲು, ಅದು ನಾನೇ ಅಂತ ನಮ್ ನೆಂಟ್ರ ಹುಡುಗ್ರು ಹೇಳ್ಬಿಟ್ಟವ್ರಂತೆ. ನಾನು ದೆವ್ವ ಆಗಿವ್ನಿ ಅಂತೆ. ನಿನ್ ಮೊಮ್ಮಗಳಿಗೆ ಹೇಳು, ಅದನ್ನ ತೆಗೀಬೇಕು. ಇವತ್ತೇ ತೆಗೀಬೇಕು."

ಸ್ಫೂರ್ತಿಗೆ ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಆ ಟೇಪು ತೆಗೆದರೆ ಮುಂದಿನ ಕಂತುಗಳಿಗೆಲ್ಲ ಬುಡವಿಲ್ಲ. ಪ್ರಾಜೆಕ್ಟು ಹೋಯಿತು, ವರ್ಷ ಹೋಯಿತು, ಅವಳ ಜೊತೆಯವರ ವರ್ಷವೂ ಹೋಯಿತು. ಅವಳು ಅಳುವವಳಲ್ಲ. ಅವತ್ತು ಮೂಗು ಒರೆಸಿಕೊಂಡಳು.

"ಏಳು, ಅವರೆಕಾಯಿ ಬಿಡಿಸು" ಎಂದೆ. ಗೌರಮ್ಮನಿಗೆ ಹಿತುಕಿದ ಬೇಳೆ ಎಂದರೆ ಪ್ರಾಣ, ಹಿತುಕುವುದಕ್ಕೆ ಮಾತ್ರ ಸೋಮಾರಿ. ನೆನೆಹಾಕಿ, ಮಾರನೆಯ ದಿನ ಇಬ್ಬರೂ ಹಿತುಕಿ, ಡಬ್ಬಿ ತುಂಬಿಸಿಕೊಂಡು ಬಸ್ಸು ಹತ್ತಿ ವಿಜಯನಗರಕ್ಕೆ ಹೋದೆವು. ಮಾರ್ಕೆಟ್ಟಿನ ಬೀದಿಯಲ್ಲಿ ಒಂದು ಮಾರು ಹೂವೂ ಕೊಂಡೆ. ದೆವ್ವಕ್ಕೆ ಹೂವು ಆಗುವುದಿಲ್ಲವೇನೋ ಎಂದೆ. ಸ್ಫೂರ್ತಿ ನಗಲಿಲ್ಲ.

ಗೌರಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಾ ಅಕ್ಕಾ, ಬಾ. ದೆವ್ವದ್ ಮನೆಗೆ ಬಾ."

"ಕಾಪಿ ಕೊಡ್ತೀಯೋ, ದೆವ್ವ ಆದೆ ಅಂತ ಹಂಗೇ ಕಳುಸ್ತೀಯೋ?"

ಅವಳು ಸ್ಫೂರ್ತಿಯ ಕಡೆ ತಿರುಗಿದಳು. "ಏನೇ, ಸಾಯೋಕ್ ಮುಂಚೇನೇ ನನ್ನ ದೆವ್ವ ಮಾಡ್ಬಿಟ್ಯಲ್ಲೇ!"

"ಸಾರಿ ಚಿಕ್ಕಜ್ಜಿ. ಆದ್ರೆ ನೀವಂದ್ರೆ ಜನಕ್ಕೆ ತುಂಬಾ ಇಷ್ಟ. ನಿಮಗೆ ಫ್ಯಾನ್ಸ್ ಇದಾರೆ."

"ಫ್ಯಾನು ನಮ್ ಮನೆ ರೂಮ್‌ಗೊಂದ್ ಐತೆ. ತೆಗಿ ಅದನ್ನ. ಇಲ್ಲ ಅಂದ್ರೆ ನಾನು ದೆವ್ವ ಅಲ್ಲ ಅಂತ ದೊಡ್ಡಕ್ಷರದಾಗೆ ಬರ್ದು ಹಾಕು. ಹೆಗ್ಗನಹಳ್ಳಿ ಗೌರಮ್ಮ, ಜೀವಂತವಾಗವ್ಳೆ, ದಿನಾ ಪಾರ್ಕ್‌ಗೆ ಹೋಗ್ತಾಳೆ, ಅಂತ."

ಸ್ಫೂರ್ತಿ ಒಂದು ಸಲ ಉಸಿರೆಳೆದುಕೊಂಡಳು. "ಹಾಕ್ತೀನಿ ಚಿಕ್ಕಜ್ಜಿ. ನಿಮಗೆ ಬೇಜಾರಾದ್ರೆ ತೆಗೆದೂಬಿಡ್ತೀನಿ. ಆದ್ರೆ ದೆವ್ವ ಅಲ್ಲ ಅಂತ ಬರೆದ್ರೆ ಎಲ್ಲಾರೂ ಕೇಳೋದು ಒಂದೇ. ಹಾಗಾದ್ರೆ ಆ ಕೈ ಯಾಕೆ ಹಾಗಿತ್ತು? ಅವರು ಏನಂದ್ರು? ಆಗ ಏನು ಹೇಳ್ಲಿ?"

ಗೌರಮ್ಮ ನನ್ನನ್ನು ನೋಡಿದಳು. ನಾನು ತಲೆಯ ಮೇಲಿನ ಫ್ಯಾನು ನೋಡಿದೆ. ಕಾಫಿ ತಂದ ಅವಳ ಸೊಸೆ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು. "ಹೌದತ್ತೆ, ಏನಂದ್ರಿ ಅವತ್ತು? ನಾನೂ ಕೇಳ್ಬೇಕು ಅಂತಿದ್ದೆ." ಒಳಗೆ ಕೋಣೆಯಲ್ಲಿ ಪೇಪರು ಓದುತ್ತಿದ್ದ ಮೈದುನ ಪೇಪರು ಇಳಿಸಿದರು.

ಗೌರಮ್ಮನ ಮುಖದಲ್ಲಿ ಏನೇನೋ ಓಡಾಡಿತು. ದೆವ್ವವಾಗಿರುವುದೋ, ಇಲ್ಲ ಊರ ಮುಂದೆ, ಮಾವನ ಮುಂದೆ ಸೀರೆ ಬಿಚ್ಚಿಹೋದವಳಾಗುವುದೋ. ಅವಳ ಗುಟ್ಟು, ಅವಳ ಸೊಂಟ, ಅವಳೇ ಹೇಳಲಿ.

ಗೌರಮ್ಮ ಕಾಫಿ ಎತ್ತಿಕೊಂಡು, ಆರಿಸಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟಳು.

"ನೆರಳು ಅಂತಾನೇ ಅಂದಿದ್ದು" ಎಂದಳು. "ನೆರಳು ಬಿಟ್ಟೋಯ್ತು ಅಂದೆ. ನಿಜ. ಅವತ್ತು ನನ್ ಮೈಮೇಲೆ ಏನೋ ಬಂದಿತ್ತು."

ಪೇಪರು ಮೇಲಕ್ಕೆ ಹೋಯಿತು. ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಆ ಸೊಸೆ ಅವತ್ತಿನಿಂದ ಅತ್ತೆಗೆ ಎದುರು ಮಾತಾಡುವುದಿಲ್ಲವಂತೆ, ಇದು ಗೌರಮ್ಮನೇ ನನಗೆ ಆಮೇಲೆ ಖುಷಿಯಿಂದ ಹೇಳಿದ್ದು.

"ಆದ್ರೆ ಒಂದ್ ಮಾತು" ಎಂದು ಅವಳು ಬೆರಳೆತ್ತಿದಳು. "ದೆವ್ವ ಅಂದ್ಮೇಲೆ ಸರ್ಯಾಗಿರ್ಲಿ. ಆ ಟೇಪ್‌ನಾಗೆ ನನ್ ಮುಖ ಚೆಂದಾಗಿ ಬಂದಿಲ್ಲ, ಮೇಲೆಲ್ಲಾ ಗೆರೆ. ಕೊನೇ ಕಂತ್‌ಗೆ ನಾನೇ ಬತ್ತೀನಿ. ಆ ಸೀರೆ ಇನ್ನೂ ಮಡುಗಿವ್ನಿ."

ಸ್ಫೂರ್ತಿ ಅವಳ ಕುತ್ತಿಗೆಗೆ ಜೋತುಬಿದ್ದಳು. "ಬಿಡೇ, ದೆವ್ವಾನ ಯಾರಾದ್ರೂ ತಬ್ಕೋತಾರಾ?" ಎಂದು ಗೌರಮ್ಮ ಬಯ್ದಳು, ಆದರೆ ಬಿಡಿಸಿಕೊಳ್ಳಲಿಲ್ಲ.

ಬುಧವಾರ ನಮ್ಮ ಹಜಾರದಲ್ಲಿ ಚಿತ್ರೀಕರಣ. ಅದೇ ಗೋಡೆ. ಸಾಲಿನಲ್ಲಿ ಈಗ ನಾವಿಬ್ಬರೇ. ಉಳಿದವರ ಜಾಗ ಖಾಲಿ ಇರಲಿ, ಅದೇ ಚೆನ್ನಾಗಿರುತ್ತದೆ ಎಂದ ಚೇತನ್. ನಾನು ಗೌರಮ್ಮನನ್ನು ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಆ ಜಾರುವ ಸೀರೆ ಉಡಿಸಿದೆ. ನೆರಿಗೆ ಹಿಡಿದು, ನನ್ನ ಬಳೆಯಲ್ಲಿದ್ದ ಪಿನ್ನುಗಳನ್ನೆಲ್ಲ ಅವಳ ಸೊಂಟಕ್ಕೆ ಜಡಿದೆ. ಈ ಸಲ ಬಿಚ್ಚಬೇಕಾದರೆ ಕತ್ತರಿ ಬೇಕು. ಬಾಗಿಲು ತೆರೆದರೆ ಸ್ಫೂರ್ತಿ ಆಚೆಯೇ ನಿಂತಿದ್ದಾಳೆ. ಅವಳು ಪಿನ್ನುಗಳನ್ನು ನೋಡಿದಳು, ಚಿಕ್ಕಜ್ಜಿ ಆಗಲೇ ಸೊಟ್ಟ ಮಾಡಿಕೊಂಡಿದ್ದ ಮೊಣಕೈ ನೋಡಿದಳು, ನನ್ನನ್ನು ನೋಡಿದಳು. ಬಾಯಿಗೆ ದುಪಟ್ಟ ಅಡ್ಡ ಹಿಡಿದುಕೊಂಡು ಮಾಳಿಗೆಗೆ ಓಡಿದಳು. ಮೇಲಿನಿಂದ ನಗು ಕೇಳಿಸಿತು. ಇಳಿದು ಬಂದಾಗ ಏನೂ ಕೇಳಲಿಲ್ಲ. ಜಾಣೆ.

ದೀಪ ಹಾಕಿದರು. "ಅಜ್ಜಿ, ಚಿಕ್ಕಜ್ಜಿ, ಅಲ್ಲಾಡಬೇಡಿ" ಎಂದಳು.

ಹೇಳಬೇಕೆ? ನಿಂತೆವು. ಚೇತನ್ ಕ್ಯಾಮೆರಾದ ಹಿಂದಿನಿಂದ "ಏನ್ ಗುರು ಇವರು, ಉಸಿರೂ ಆಡ್ತಿಲ್ಲ" ಎಂದು ಪಿಸುಗುಟ್ಟಿದ. ನನಗೆ ಹೆಮ್ಮೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಿಂದ, ತುಟಿಯ ಕೊನೆಯಿಂದ, ಗೌರಮ್ಮನ ದನಿ ಬಂತು.

"ಪಿನ್ನು ಚುಚ್ತೈತೆ ಕಣಕ್ಕಾ."

"ಅಲ್ಲಾಡ್ಬ್ಯಾಡ" ಎಂದೆ.

ಮೇಷ್ಟರಿಗೆ ಮೆಚ್ಚಿಗೆಯಾಯಿತು, ಸ್ಫೂರ್ತಿ ಪಾಸಾದಳು. ಪಾರ್ಕಿನ ಮಕ್ಕಳು ಈಗ ಓಡುವುದಿಲ್ಲ, ಗೌರಮ್ಮನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವಳು ಕೈ ಸೊಟ್ಟ ಮಾಡಿ ಕೊಡುತ್ತಾಳೆ.

ಇದನ್ನೆಲ್ಲ ಬರೆಯಲೇನೇ ಎಂದು ಅವಳನ್ನೇ ಕೇಳಿದೆ. ಮಾತು ಕೊಟ್ಟವಳು ನಾನು, ಕೇಳದೆ ಬರೆಯುವುದು ಸರಿಯಲ್ಲ. ಅವಳು ಹಿತುಕಿದ ಬೇಳೆ ಸಾರು ಸುರಿದುಕೊಳ್ಳುತ್ತ, "ಬರ್ಕೋ ಹೋಗಕ್ಕಾ. ಮೊಬೈಲ್ ನೋಡೋರು ಪುಸ್ತಕ ಓದಲ್ಲ, ಪುಸ್ತಕ ಓದೋರು ನನ್ ದೆವ್ವದ್ ಕತೆ ನೋಡಲ್ಲ. ನಿಮ್ ಮೈದ್ನ ಎರಡೂ ಇಲ್ಲ, ಬರೀ ಪೇಪರ್ರು" ಎಂದಳು.

ಕೊನೆಯ ಕಂತಿನಲ್ಲಿ ಅವಳು ಏನೆಂದಳು ಎಂದು ಜನ ಮತ್ತೆ ತುಟಿ ನೋಡಲು ಕೂತಿದ್ದಾರೆ. ಈಗ ಬಹಳ ಜನರು ಒಪ್ಪಿರುವುದು 'ಇನ್ನೂ ಉಸ್ರೈತೆ' ಎಂದಂತೆ. ಗೌರಮ್ಮನಿಗೆ ಸ್ಫೂರ್ತಿಯಿಂದ ಓದಿ ಹೇಳಿಸಿದೆ. ಅವಳು ಸೊಂಟ ಸವರಿಕೊಂಡು, "ಅದೂ ಸುಳ್ಳಲ್ಲ ಬಿಡು" ಎಂದಳು.